ಅಜ್ಜಿ ಅಂದಿದ್ದು, ನಾನು ಹೇಳಿದ್ದು

ಹೋದ ಭಾನುವಾರ ಬೆಳಿಗ್ಗೆ ನಾನು ಒಬ್ಬ ಮಂತ್ರಿಯನ್ನು ಮೈಕಿನಲ್ಲಿ ಬಾಯಿಗೆ ಬಂದ ಹಾಗೆ ಬೈದೆ. ಎದುರಿಗೆ ಟಾಕೀಸಿನ ತುಂಬ ಜನ. ಬಾಗಿಲಲ್ಲಿ ಸಬ್‌ಇನ್‌ಸ್ಪೆಕ್ಟರ್.

ಇಷ್ಟಾಗಿಯೂ ಸೋಮವಾರ ಎಂದಿನಂತೆ ಕಾಲೇಜಿಗೆ ಹೋಗಿ ಇಂಗ್ಲಿಷ್ ಪಾಠ ಮಾಡಿ ಬಂದೆ. ಈಗ ಮನೆಯಲ್ಲೇ ಕೂತು ಈ ಅಂಕಣ ಬರೆಯುತ್ತಿದ್ದೇನೆ. (ಗಾಬರಿಯಾಗಬೇಡಿ. ಮಂತ್ರಿ ನಮ್ಮ ದೇಶದವನಲ್ಲ. ಬೈದವಳೂ, ಸರಿಯಾಗಿ ನೋಡಿದರೆ, ನಾನಲ್ಲ.)

ಕೊಳ್ಳೇಗಾಲದಲ್ಲಿ ನಮ್ಮ ಮನೆಗೆ ಹತ್ತಿರವೇ ಒಂದು ಹಳೇ ಟಾಕೀಸಿದೆ. ಅದರ ಒಡತಿ ಪ್ರಭಾಮಣಿ, ನಮಗೆಲ್ಲ ಪ್ರಭಕ್ಕ. ಗಂಡ ತೀರಿಕೊಂಡ ಮೇಲೆ ಎಲ್ಲರೂ ಇದನ್ನು ಒಡೆಸಿ ಕಲ್ಯಾಣ ಮಂಟಪ ಕಟ್ಟಿಸು ಅಂದರು. ಪ್ರಭಕ್ಕ ಒಪ್ಪಲಿಲ್ಲ. ಈ ಊರಲ್ಲಿ ಮದುವೆಗೆ ಜಾಗ ಬೇಕಾದಷ್ಟಿದೆ, ಮದುವೆಯಾದವರು ಜೊತೆಯಲ್ಲಿ ಕೂತು ನಗೋದಕ್ಕೆ ಎಲ್ಲಿದೆ ಅಂತ ಕೇಳಿದರು. ಟಾಕೀಸು ಉಳಿಯಿತು.

ಉಳಿದರೂ ಜನ ಬರಬೇಕಲ್ಲ? ಎಲ್ಲರ ಅಂಗೈಯಲ್ಲೂ ಒಂದೊಂದು ಟಾಕೀಸು ಇರುವ ಕಾಲ ಇದು. ಪ್ರಭಕ್ಕ ಬಗೆಬಗೆಯ ಪ್ರಯೋಗ ಮಾಡುತ್ತಲೇ ಇರುತ್ತಾರೆ. ಈ ಸಲ ಮೈಸೂರಿನ ಸಿನಿಮಾ ಹುಚ್ಚಿನ ಗೆಳೆಯರ ಬಳಗವೊಂದು ಇವರಿಗೆ ಒಂದು ಸ್ಪ್ಯಾನಿಷ್ ಚಿತ್ರ ಕೊಟ್ಟಿತು. ಕಾಗದಪತ್ರವೆಲ್ಲ ಸರಿಯಾಗಿಯೇ ಇತ್ತು. ಭಾನುವಾರ ಬೆಳಿಗ್ಗೆ ಒಂದೇ ಆಟ. ಕೊಡುವ ಮುಂಚೆ ಅವರು ಪ್ರಭಕ್ಕನಿಗೆ ಲ್ಯಾಪ್‌ಟಾಪಿನಲ್ಲಿ ಪೂರ್ತಿ ತೋರಿಸಿದ್ದರಂತೆ. ಪ್ರಭಕ್ಕನಿಗೆ ಸ್ಪ್ಯಾನಿಷೂ ಬರುವುದಿಲ್ಲ, ಕೆಳಗೆ ಬರುವ ಇಂಗ್ಲಿಷೂ ಬರುವುದಿಲ್ಲ. ಆದರೂ ಎರಡು ಸಲ ಕಣ್ಣೊರೆಸಿಕೊಂಡರಂತೆ.

"ಏನು ಅರ್ಥ ಆಯ್ತು ಪ್ರಭಕ್ಕ?" ಅಂತ ಕೇಳಿದೆ.

"ಅದರಲ್ಲಿ ಒಂದು ಮುದುಕಿ ಅವ್ಳೆ ಸುಜಾತ. ನಮ್ಮತ್ತೇನೇ ನೋಡ್ದಂಗಾಯ್ತು," ಅಂದರು.

ಅವರ ಅತ್ತೆಯನ್ನು ನಾನೂ ಬಲ್ಲೆ. ಅವರು ಬಾಯಿ ತೆರೆದರೆ ಬೀದಿಯ ಆ ತುದಿಯಲ್ಲಿ ಬರುತ್ತಿದ್ದ ತರಕಾರಿ ಗಾಡಿ ಅಲ್ಲೇ ನಿಲ್ಲುತ್ತಿತ್ತು. ಚಿತ್ರ ಶಾಂತಿಯುತವಾದದ್ದಲ್ಲ ಅಂತ ನನಗೆ ಆಗಲೇ ಗೊತ್ತಾಗಬೇಕಿತ್ತು.

ಪ್ರಭಕ್ಕ ನನ್ನನ್ನು ಕರೆಸಿದ್ದಕ್ಕೆ ಕಾರಣ ಬೇರೆ. ಪರದೆಯ ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಬರುತ್ತದೆ. ನೀನು ಅದನ್ನು ನೋಡಿಕೊಂಡು ಮೈಕಿನಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋಗು ಅಂದರು. ನಾನು ಒಪ್ಪಿದೆ. ಮನೆಗೆ ಬಂದು ಹೇಳಿದರೆ ನನ್ನ ಗಂಡ, ನೀನು ಕ್ಲಾಸಿನಲ್ಲಿ ನಿಧಾನವಾಗಿ ಹೇಳಿದ್ದೇ ಹುಡುಗರಿಗೆ ತಲೆಗೆ ಹೋಗುವುದಿಲ್ಲ, ಓಡುವ ಪಿಕ್ಚರಿನಲ್ಲಿ ಏನು ಹೇಳ್ತೀಯ ಅಂದರು. (ಗಂಡಂದಿರ ಪ್ರೋತ್ಸಾಹ ಹೀಗೇ ಅಲ್ಲವೇ?)

ಕಥೆ ಇಷ್ಟು. ದೂರದ ದೇಶದಲ್ಲಿ ಒಂದು ಬೆಟ್ಟದೂರು. ಕುರಿ ಸಾಕಿಕೊಂಡು ಬದುಕುವ ಜನ. ಬೆಟ್ಟದ ಕೆಳಗೆ ಏನೋ ಬೆಲೆಬಾಳುವ ಅದಿರು ಸಿಕ್ಕಿದೆ. ಸರ್ಕಾರಕ್ಕೆ ಗಣಿ ಬೇಕು, ಊರು ಬೇಡ. ಎಲ್ಲರೂ ಹೊರಡಲು ಗಂಟುಮೂಟೆ ಕಟ್ಟುವಾಗ ಒಬ್ಬ ಅಜ್ಜಿ ಮಾತ್ರ ನಾನು ಏಳುವುದಿಲ್ಲ ಅಂತ ಕೂರುತ್ತಾಳೆ. ಅಷ್ಟೇ.

ಈಗ ಪೋಸ್ಟರಿನ ವಿಷಯಕ್ಕೆ ಬರುತ್ತೇನೆ. ಎಲ್ಲ ಶುರುವಾದದ್ದು ಅಲ್ಲಿಂದ.

ಪ್ರಭಕ್ಕ ಕೊಳ್ಳೇಗಾಲ, ಹನೂರು, ಯಳಂದೂರು ಮೂರು ಕಡೆಯೂ ಪೋಸ್ಟರ್ ಹಚ್ಚಿಸಿದ್ದರು. "ವಿದೇಶಿ ಚಿತ್ರ. ಬೆಳಗಿನ ಆಟ ಮಾತ್ರ." ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಓದಿದ ನನ್ನ ಗಂಡ ಓಡೋಡಿ ಮನೆಗೆ ಬಂದರು. ಯಾರು ಬರೆಸಿದ್ದು ಇದನ್ನು ಅಂತ ಕೇಳಿದರು. ನನಗೆ ಅರ್ಥವಾಗಲಿಲ್ಲ. ಸ್ವಲ್ಪ ಹೊತ್ತು ಅತ್ತ ಇತ್ತ ನೋಡಿ, ಕೊನೆಗೆ ವಿವರಿಸಿದರು. ಅವರ ಕಾಲೇಜು ದಿನಗಳಲ್ಲಿ ಟಾಕೀಸುಗಳಲ್ಲಿ ಬೆಳಗಿನ ಆಟಕ್ಕೆ ವಿದೇಶಿ ಚಿತ್ರ ಅಂದರೆ ಒಂದೇ ಅರ್ಥವಂತೆ. ಮುಖಕ್ಕೆ ಟವೆಲ್ ಮುಚ್ಚಿಕೊಂಡು ಹೋಗಿ, ಲೈಟ್ ಆರಿದ ಮೇಲೆ ಕೂರುವ ಅರ್ಥ.

(ನಿಮಗೆ ಹೇಗೆ ಗೊತ್ತು ಅಂತ ನಾನು ಕೇಳಲಿಲ್ಲ. ಇಪ್ಪತ್ತು ವರ್ಷದ ಸಂಸಾರ.)

ಪ್ರಭಕ್ಕ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕರು. ಆಮೇಲೆ ಗಂಭೀರವಾಗಿ, ಹೆಂಗಸರು ಬರದೇ ಹೋದರೆ ಕಷ್ಟ, ಕೆಳಗೆ ಒಂದು ಸಾಲು ಸೇರಿಸೋಣ ಅಂದರು. ಸೇರಿಸಿದೆವು. "ಹೆಂಗಸರು ಮಕ್ಕಳೆಲ್ಲ ನೋಡಬಹುದಾದ ರಾಜಕೀಯ ಚಿತ್ರ. ಗಣಿಗೆ ಎದುರಾಗಿ ನಿಂತ ಅಜ್ಜಿಯ ಕಥೆ."

ಟವೆಲ್‌ನವರ ಕಾಟ ತಪ್ಪಿತು. ಬಿಳಿ ಶರಟಿನವರ ಕಾಟ ಶುರುವಾಯಿತು.

ಪುಟ್ಟಮಾದಪ್ಪನವರು ಮಧುವನಹಳ್ಳಿಯವರು. ಹಿಂದೆ ತಾಲ್ಲೂಕು ಪಂಚಾಯ್ತಿ ಸದಸ್ಯರಾಗಿದ್ದವರು, ಈಗಲೂ ಯಾವ ಸಭೆಯಾದರೂ ಮೊದಲ ಸಾಲಿನಲ್ಲಿ ಕೂರುವವರು. ಕೆಟ್ಟ ಮನುಷ್ಯರಲ್ಲ. ಊರಿನ ಯಾರಿಗೆ ಆಸ್ಪತ್ರೆ ಅಂದರೂ ತಮ್ಮ ಕಾರನ್ನೇ ಕಳಿಸುತ್ತಾರೆ. ಆದರೆ ಅವರ ಭಾಮೈದನದು ಹನೂರಿನ ಕಡೆ ಒಂದು ಕರಿಕಲ್ಲಿನ ಕ್ವಾರಿ ಇದೆ. ಪೋಸ್ಟರಿನಲ್ಲಿ ಗಣಿ ಅನ್ನುವ ಮಾತು ನೋಡಿ ಅವರು ನೇರ ಟಾಕೀಸಿಗೆ ಬಂದರು. ಟೀ ಕುಡಿದರು. ಅಕ್ಕಾ ಅಂತಲೇ ಮಾತಾಡಿಸಿದರು. ನಮ್ಮ ಜನ ಮುಗ್ಧರು, ಇಂಥದ್ದೆಲ್ಲ ತೋರಿಸಿದರೆ ತಲೆ ಕೆಡುತ್ತದೆ, ನಾಳೆ ಏನಾದರೂ ಗಲಾಟೆಯಾದರೆ ಟಾಕೀಸಿನ ಲೈಸೆನ್ಸಿಗೇ ತೊಂದರೆ, ನಿಮ್ಮ ಒಳ್ಳೆಯದಕ್ಕೇ ಹೇಳ್ತಿದ್ದೀನಿ ಅಂದರು. ಪ್ರಭಕ್ಕ ಇನ್ನೊಂದು ಲೋಟ ಟೀ ತರಿಸಿದರೇ ಹೊರತು ಆಗಲಿ ಅನ್ನಲಿಲ್ಲ. ಅವರು ಅಲ್ಲಿಂದ ಸೀದಾ ಸ್ಟೇಷನ್ನಿಗೆ ಹೋಗಿ ಒಂದು ಮಾತು ಹಾಕಿದರು.

ಮಾರನೇ ದಿನ ಸಬ್‌ಇನ್‌ಸ್ಪೆಕ್ಟರ್ ಬಂದರು. ಚಿಕ್ಕ ವಯಸ್ಸು, ಮೆತ್ತಗೆ ಮಾತು. ಕಾಗದಪತ್ರ ನೋಡಿದರು, ಸರಿಯಾಗಿದೆ ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಪಿಕ್ಚರ್ ಬಗ್ಗೆ ನಮ್ಮದೇನೂ ಅಭ್ಯಂತರ ಇಲ್ಲ ಮೇಡಂ. ಅದು ಯಾರಿಗೂ ಅರ್ಥ ಆಗಲ್ಲ. ಅಭ್ಯಂತರ ಇರೋದು ನಿಮ್ಮ ಮೇಲೆ."

ಮೂವತ್ತು ಜನರ ಕ್ಲಾಸನ್ನು ಸುಮ್ಮನಿರಿಸಲಾಗದ ನನ್ನಿಂದ ಕಾನೂನು ಸುವ್ಯವಸ್ಥೆಗೆ ಧಕ್ಕೆ! ಒಂದು ಗಳಿಗೆ ಹೆಮ್ಮೆಯೇ ಆಯಿತು ಅಂತ ಹೇಳಬೇಕು. ಆದರೆ ಅವರು ಕೇಳಿದ್ದು ಸಣ್ಣ ಸಹಾಯ. ಹೇಳುವಾಗ ಸ್ವಲ್ಪ ನಯವಾಗಿ ಹೇಳಿ. ಬೈಗುಳ, ಸವಾಲು, ಧಿಕ್ಕಾರ ಇಂಥ ಮಾತು ಬಂದರೆ ತಿಳಿಸಾರು ಮಾಡಿ. ಅಷ್ಟು ಮಾಡಿದರೆ ಯಾರಿಗೂ ತೊಂದರೆ ಇಲ್ಲ. ನಾನು ಪ್ರಭಕ್ಕನ ಮುಖ ನೋಡಿದೆ. ಲೈಸೆನ್ಸು ಅನ್ನುವ ಪದ ಅವರ ಮುಖದಲ್ಲಿ ಇನ್ನೂ ಕೂತಿತ್ತು. ಆಗಲಿ ಸಾರ್ ಅಂದೆ.

ಭಾನುವಾರ ಬಂತು. ಯಾರೂ ಬರುವುದಿಲ್ಲ ಅಂತ ನಾನು ಒಳಗೊಳಗೇ ಆಸೆಪಟ್ಟಿದ್ದೆ. ಬಂದರು! ಮಾರ್ಟಳ್ಳಿಯಿಂದ ಸ್ತ್ರೀಶಕ್ತಿ ಸಂಘದ ಹೆಂಗಸರು ಬೆಳಗಿನ ಬಸ್ಸು ಹತ್ತಿ ದಂಡಾಗಿ ಬಂದಿದ್ದರು. ಅವರ ಮುಂದಾಳು ಆರೋಗ್ಯಮೇರಿ, ಅಂಗನವಾಡಿ ಟೀಚರು. ಆ ಊರಿನವರು ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ಎರಡರಲ್ಲೂ ಒಂದೇ ಜೋರು. ಯಳಂದೂರಿನ ಕಡೆಯಿಂದ ಸಂಸಾರ ಸಮೇತ ಬಂದವರಿದ್ದರು. ಬಿಳಿಗಿರಿ ಬೆಟ್ಟದ ಕಾಡೊಳಗಿನ ಪೋಡಿನ ಸೋಲಿಗರ ಒಂದು ಗುಂಪು ಬಲಗಡೆ ಸಾಲು ಹಿಡಿದು ಕೂತಿತ್ತು. ಹಳೇ ಪೋಸ್ಟರನ್ನೇ ನಂಬಿ ಬಂದ ಒಬ್ಬಿಬ್ಬರು ಹಿರಿಯರೂ ಕಂಡರು. (ಕೊರಳಲ್ಲಿ ಟವೆಲ್ ಇತ್ತು. ನನ್ನನ್ನು ನೋಡಿ ನಮಸ್ಕಾರ ಮಾಡಿದರು.) ಹಿಂದಿನ ಸಾಲಿನಲ್ಲಿ ಪುಟ್ಟಮಾದಪ್ಪನವರು, ಅಕ್ಕಪಕ್ಕ ಅವರ ಕಡೆಯ ನಾಲ್ಕಾರು ಜನ. ಮುಂದೆ, ನನ್ನ ಮೈಕಿನ ಪಕ್ಕದ ಕುರ್ಚಿಯಲ್ಲಿ, ಮಫ್ತಿಯಲ್ಲಿ ಸಬ್‌ಇನ್‌ಸ್ಪೆಕ್ಟರ್.

ಪಿಕ್ಚರ್ ಶುರುವಾಯಿತು. ಮೊದಮೊದಲು ಚೆನ್ನಾಗಿಯೇ ಹೋಯಿತು. ಬೆಟ್ಟ, ಮೋಡ, ಕುರಿ. ಕುರಿಗೆ ಅನುವಾದ ಬೇಕಿಲ್ಲ. ಆಮೇಲೆ ಸರ್ವೆ ಮಾಡುವವನು ಬಂದ. ಅಜ್ಜಿ ಎದ್ದು ನಿಂತಳು. ಸೊಂಟಕ್ಕೆ ಕೈ ಕೊಟ್ಟು ಉಸಿರೂ ಬಿಡದೆ ಶುರುಮಾಡಿದಳು. ಅವನ ಅಪ್ಪ, ತಾತ, ಅವನು ಕುಡಿದ ಹಾಲು, ಅವನನ್ನು ಕಳಿಸಿದವನು, ಯಾರನ್ನೂ ಬಿಡಲಿಲ್ಲ. ಪರದೆಯ ಕೆಳಗೆ ಇಂಗ್ಲಿಷು ಮೇಲಿಂದ ಮೇಲೆ ಉರುಳುತ್ತಿತ್ತು. ನಾನು ಪಕ್ಕದ ಕುರ್ಚಿ ನೋಡಿದೆ. ಮೈಕಿಗೆ ಬಾಯಿ ಹತ್ತಿರ ತಂದು, "ದಯವಿಟ್ಟು ಸ್ವಲ್ಪ ಯೋಚನೆ ಮಾಡಿ ಅಂತ ಅಜ್ಜಿ ಕೇಳಿಕೊಳ್ತಿದ್ದಾರೆ" ಅಂದೆ.

ಟಾಕೀಸಿನಲ್ಲಿ ಸಣ್ಣಗೆ ಗುಸುಗುಸು.

ಮುಂದಿನ ದೃಶ್ಯದಲ್ಲಿ ಅಜ್ಜಿ ಆತನ ಅಳತೆ ಕೋಲನ್ನು ಕಿತ್ತು ಮೊಳಕಾಲಿಗೆ ಕೊಟ್ಟು ಮುರಿದಳು. ಜೊತೆಗೆ ಇನ್ನೊಂದಿಷ್ಟು ಮಾತು. "ಅಜ್ಜಿಗೆ ಬೇಸರವಾಗಿದೆ" ಅಂದೆ.

ಈ ಸಲ ಗುಸುಗುಸು ಅಲ್ಲ, ಗೊಳ್ಳೆಂದು ನಗು. ನಡುವಿನ ಸಾಲಿನಿಂದ ಆರೋಗ್ಯಮೇರಿ ಎದ್ದು ನಿಂತಳು. ಪರದೆಯ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು.

"ಮೇಡಂ, ಆಯಮ್ಮ ಅಷ್ಟೊತ್ತಿಂದ ಬಾಯಿ ಬಡ್ಕೊತಾವ್ಳೆ. ನೀವು ಒಂದೇ ಮಾತು ಹೇಳ್ತೀರಿ. ಮಿಕ್ಕಿದ್ದೆಲ್ಲ ಎಲ್ಗೋಯ್ತು?"

ಇಷ್ಟು ವರ್ಷದ ಮೇಷ್ಟರಗಿರಿಯಲ್ಲಿ ಎಂಥೆಂಥ ಪ್ರಶ್ನೆಗೆ ಹಾರಿಕೆ ಉತ್ತರ ಕೊಟ್ಟವಳು ನಾನು. ಇದಕ್ಕೆ ಆಗಲಿಲ್ಲ. ಇಂಟರ್‌ವಲ್ ಬರುವವರೆಗೆ ಹೇಗೋ ತಳ್ಳಿದೆ. ಬರುಬರುತ್ತಾ ಜನ ನನ್ನ ಮಾತು ಕೇಳುವುದನ್ನೇ ಬಿಟ್ಟರು. ಅಜ್ಜಿಯ ಮುಖವನ್ನೇ ನೋಡುತ್ತಾ, ತಮಗೆ ತೋಚಿದ್ದನ್ನು ಪಕ್ಕದವರಿಗೆ ಹೇಳಿಕೊಳ್ಳತೊಡಗಿದರು. ಅದು ನನ್ನ ಅನುವಾದಕ್ಕಿಂತ ಸಿನಿಮಾಕ್ಕೆ ಹತ್ತಿರವಿತ್ತು ಅನ್ನುವುದು ಇನ್ನೊಂದು ಸಂಕಟ.

ಇಂಟರ್‌ವಲ್ಲಿನಲ್ಲಿ ಪ್ರಭಕ್ಕ ನನ್ನನ್ನು ಟಿಕೆಟ್ ಕೌಂಟರಿನ ಒಳಗೆ ಕರೆದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಕುಡಿಯಲು ನೀರು ಕೊಟ್ಟರು. ನಾನು ಲೈಸೆನ್ಸಿನ ಮಾತೆತ್ತಿದೆ. ನಿಮಗೆ ತೊಂದರೆಯಾಗಬಾರದು ಅಂತ ತಾನೇ ಪ್ರಭಕ್ಕ ನಾನು ಹೀಗೆ ಹೇಳ್ತಿರೋದು ಅಂದೆ.

"ನಂಗೆ ಏನಾಯ್ತದೋ ನಾನು ನೋಡ್ಕೊತೀನಿ," ಅಂದರು. "ಅಷ್ಟು ದೂರದಿಂದ ಬಸ್ಸತ್ಕೊಂಡು ಬಂದವ್ರೆ. ಅರ್ಥ ಆಗ್ದೆ ಇದ್ರೂ ಪರವಾಗಿಲ್ಲ ಸುಜಾತ, ಸುಳ್ಳು ಅರ್ಥ ಬೇಡ. ಹೇಳಕ್ಕಾದ್ರೆ ಇದ್ದಂಗೆ ಹೇಳು. ಇಲ್ದಿದ್ರೆ ಮೈಕ್ ಆಫ್ ಮಾಡ್ಬುಡು."

ಟಾಕೀಸು ಹೋದರೆ ಅವರ ಬದುಕೇ ಹೋದ ಹಾಗೆ. ಅವರೇ ಹೀಗನ್ನುವಾಗ, ನನಗೆ ಹೋಗುವುದೇನಿತ್ತು?

ಸಬ್‌ಇನ್‌ಸ್ಪೆಕ್ಟರ್ ಅಂಗಳದಲ್ಲಿ ಕಡ್ಲೆಕಾಯಿ ತಿನ್ನುತ್ತಾ ನಿಂತಿದ್ದರು. ಹೋಗಿ ನೇರವಾಗಿಯೇ ಹೇಳಿದೆ. ಕೊಟ್ಟ ಮಾತು ನಡೆಸಲು ಆಗುತ್ತಿಲ್ಲ ಸಾರ್, ಇನ್ನು ಮೇಲೆ ಅಜ್ಜಿ ಏನಂತಾಳೋ ಅದನ್ನೇ ಹೇಳ್ತೀನಿ, ನಿಮಗೆ ಸರಿಯಲ್ಲ ಅನ್ನಿಸಿದರೆ ಈಗಲೇ ಮೈಕ್ ತೆಗೆಸಿಬಿಡಿ ಅಂದೆ. ಅವರು ಕೈಯಲ್ಲಿದ್ದ ಸಿಪ್ಪೆ ಕೊಡವಿದರು.

"ಒಳಗೆ ಭಾರಿ ಸೆಕೆ ಮೇಡಂ," ಅಂದರು. "ನಾನು ಬಾಗಿಲ ಹತ್ರ ನಿಂತ್ಕೊತೀನಿ. ಅಲ್ಲಿಗೆ ಮೈಕಿನ ಮಾತು ಸರಿಯಾಗಿ ಕೇಳ್ಸಲ್ಲ."

(ಬಾಗಿಲ ಮೇಲೇ ಒಂದು ಸ್ಪೀಕರ್ ಇದೆ. ಇದನ್ನು ನಾನು ಅವರಿಗೆ ಹೇಳಲಿಲ್ಲ.)

ಎರಡನೇ ಅರ್ಧದಲ್ಲಿ ಮಂತ್ರಿ ಬಂದ. ಹೆಲಿಕಾಪ್ಟರಿನಲ್ಲಿ. ಗಾಳಿಗೆ ಅಜ್ಜಿಯ ಒಣಹುಲ್ಲಿನ ಬಣವೆಯೆಲ್ಲ ಹಾರಿಹೋಯಿತು. ಅವನು ಅದನ್ನು ನೋಡಲೂ ಇಲ್ಲ. ಅಜ್ಜಿಯ ಎದುರು ನಿಂತು, ನಗುನಗುತ್ತಾ, ಇದೆಲ್ಲ ನಿಮ್ಮ ಒಳ್ಳೆಯದಕ್ಕೇ ತಾಯಿ, ನಿಮಗೇನು ಬೇಕೋ ಕೇಳಿ, ಕೊಡ್ತೀನಿ ಅಂದ. ನಾನು ಇದ್ದ ಹಾಗೇ ಹೇಳಿದೆ.

ಅಜ್ಜಿ ಬಾಯಿ ತೆರೆದಳು. ಪರದೆಯ ಕೆಳಗೆ ಇಂಗ್ಲಿಷ್ ಬಂತು. ಯಾರೋ ಓದಿದವರು ಬರೆದ, ಇಸ್ತ್ರಿ ಮಾಡಿದ ಇಂಗ್ಲಿಷು. ಅಜ್ಜಿಯ ಮುಖಕ್ಕೂ ಅದಕ್ಕೂ ಹೊಂದುತ್ತಲೇ ಇರಲಿಲ್ಲ. ಆಗ ನನ್ನ ಬಾಯಿಗೆ ಬಂದದ್ದು ಕಾಲೇಜಿನ ಕನ್ನಡವಲ್ಲ. ಯಳಂದೂರಿನ ಪಕ್ಕದ ಹಳ್ಳಿಯ ನನ್ನ ಅವ್ವನ ಕನ್ನಡ.

"ನಮ್ಮೂರ್ಗೆ ಬಂದು ನಮ್ಗೇ ಕೊಡ್ತೀನಿ ಅಂತೀಯಲ್ಲೋ ಬಡ್ಡೀಮಗ್ನೆ. ನಿಂತಿರೋ ಜಾಗ ಯಾರ್ದು ಅಂತ ಕಾಲ್ಕೆಳ್ಗೆ ನೋಡ್ಕಂಡು ಮಾತಾಡ್ಲಾ."

ಶಿಳ್ಳೆ ಬಿತ್ತು. ಸಂಘದ ಹೆಂಗಸರ ಕಡೆಯಿಂದ ಬಂದದ್ದು! ಚಪ್ಪಾಳೆ. ಬಲಗಡೆ ಸಾಲಿನಲ್ಲಿ ಒಬ್ಬ ಸೋಲಿಗರ ಹಿರಿಯ ಎದ್ದು ನಿಂತು ಪರದೆಗೇ ಕೈ ಮುಗಿದ. ಅಜ್ಜಿ ಮುಂದುವರಿಸಿದಳು, ನಾನೂ ಮುಂದುವರಿಸಿದೆ. ಎಲ್ಲಿ ಅವಳ ಉಸಿರು ನಿಂತಿತೋ ಅಲ್ಲಿ ನನ್ನದೂ ನಿಂತಿತು. ಬದುಕಿನಲ್ಲಿ ಯಾವ ಪಾಠವನ್ನೂ ನಾನು ಇಷ್ಟು ಚೆನ್ನಾಗಿ ಮಾಡಿರಲಿಲ್ಲ.

ಅಷ್ಟರಲ್ಲಿ ಮುಂದಿನಿಂದ ಯಾರೋ ಕೂಗಿದರು. ಹಿಂದೆ ಮಾದಪ್ಪಣ್ಣ ಕುಂತವ್ರೆ, ಕೇಳಿಸ್ತಾ ಅಂತ ಕೇಳಿ ಅಂತ. ನಗು. ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಪುಟ್ಟಮಾದಪ್ಪನವರ ಪಕ್ಕದಲ್ಲಿದ್ದವನೊಬ್ಬ ತೋಳು ಮಡಿಸುತ್ತಾ ಎದ್ದ. ನಾನು ಮೈಕನ್ನು ಬಾಯಿಂದ ದೂರ ಸರಿಸಿದೆ. ಬಾಗಿಲಲ್ಲಿ ಸಬ್‌ಇನ್‌ಸ್ಪೆಕ್ಟರ್ ನೆಟ್ಟಗಾದರು. ಟಿಕೆಟ್ ಕೌಂಟರಿನ ಕಡೆಯಿಂದ ಪ್ರಭಕ್ಕ ಒಳಗೆ ಬಂದು ಗೋಡೆ ಹಿಡಿದು ನಿಂತರು. ಅವರ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಪರದೆಯ ಮೇಲೆ ಮಾತ್ರ ಮಂತ್ರಿ ತನ್ನ ಪಾಡಿಗೆ ಏನೋ ಉತ್ತರ ಕೊಡುತ್ತಿದ್ದ.

ಪುಟ್ಟಮಾದಪ್ಪನವರೂ ಎದ್ದರು. ಪಕ್ಕದವನ ಹೆಗಲ ಮೇಲೆ ಕೈಯಿಟ್ಟು ಅವನನ್ನು ಕೂರಿಸಿದರು.

"ನನ್ ಮುಖ ಏನ್ ನೋಡ್ತೀರಿ, ಅಲ್ನೋಡಿ," ಅಂದರು. ಆಮೇಲೆ ನನ್ನ ಕಡೆಗೆ, "ಮೇಡಮ್ಮೋರೆ, ನಿಲ್ಲಿಸ್ಬುಟ್ರಲ್ಲ. ಅದ್ಕೆ ಅವ್ನು ಏನಂದ ಹೇಳಿ."

ಅಷ್ಟು ಹೊತ್ತಿಗೆ ಮಂತ್ರಿಯ ಅರ್ಧ ಮಾತು ಹೋಗಿಬಿಟ್ಟಿತ್ತು. ಉಳಿದರ್ಧ ಹೇಳಿದೆ. ಗೋಡೆ ಹಿಡಿದಿದ್ದ ಪ್ರಭಕ್ಕ ಅಲ್ಲೇ ನೆಲದ ಮೇಲೆ ಕೂತರು. ಪಿಕ್ಚರ್ ಮುಗಿಯುವವರೆಗೂ ಏಳಲಿಲ್ಲ.

ಮುಗಿದದ್ದು ಹೇಗೆ ಗೊತ್ತೇ? ಅಜ್ಜಿ ಬಾಗಿಲಲ್ಲಿ ಕೂತಿದ್ದಾಳೆ, ದೂರದಲ್ಲಿ ಯಂತ್ರಗಳ ಸದ್ದು. ಅಷ್ಟೇ. ಗಣಿ ಬಂತೋ, ಅಜ್ಜಿ ಎದ್ದಳೋ, ಹೇಳುವುದೇ ಇಲ್ಲ. ಲೈಟು ಹತ್ತಿತು. ಯಾರೂ ಏಳಲಿಲ್ಲ. ಆಮೇಲೆ ಅಂತ ಒಬ್ಬರು ಕೇಳಿದರು. ಆಮೇಲೆ ಇಲ್ಲ, ಇಷ್ಟೇ ಅಂದೆ. ಇದೇನು ನ್ಯಾಯ, ಮುಗಿಸದೇ ಮುಗಿಸಿಬಿಟ್ಟರಲ್ಲ ಅಂತ ಎಲ್ಲರೂ ನನ್ನ ಮೇಲೇ ರೇಗಿದರು. ಪಿಕ್ಚರ್ ತೆಗೆದವಳು ನಾನೇ ಅನ್ನುವ ಹಾಗೆ!

ಮುಗಿಸುವ ಕೆಲಸ ಅಂಗಳದಲ್ಲಿ ನಡೆಯಿತು. ಹಾಗೆ ಜನ ನಿಂತು ಮಾತಾಡಿದ್ದನ್ನು ನಾನು ಈ ಊರಲ್ಲಿ ಬಹಳ ವರ್ಷದಿಂದ ನೋಡಿರಲಿಲ್ಲ. ಅಜ್ಜಿ ಗೆದ್ದಿರುತ್ತಾಳೆ ಅಂತ ಒಂದು ಗುಂಪು, ಹೆಲಿಕಾಪ್ಟರ್ ಇದ್ದವನೇ ಯಾವಾಗಲೂ ಗೆಲ್ಲುವುದು ಅಂತ ಇನ್ನೊಂದು. ಆ ಮಂತ್ರಿ ಯಾವ ಪಾರ್ಟಿ ಅನ್ನುವ ಪ್ರಶ್ನೆಯೂ ಬಂತು. ಪುಟ್ಟಮಾದಪ್ಪನವರ ಕಡೆಯವರಿಗೆ ಅವನು ಎದುರು ಪಾರ್ಟಿಯವನು ಅನ್ನುವುದರಲ್ಲಿ ಸಂಶಯವೇ ಇರಲಿಲ್ಲ. ಎದುರು ಪಾರ್ಟಿಯ ಒಬ್ಬರೂ ಅಲ್ಲಿದ್ದರು. ಅವನು ಇವರ ಪಾರ್ಟಿಯವನು ಅಂತ ಅವರಿಗೂ ಅಷ್ಟೇ ಖಾತ್ರಿ. ಇಬ್ಬರೂ ಕೈ ಕುಲುಕಿದರು.

ಪುಟ್ಟಮಾದಪ್ಪನವರು ಆರೋಗ್ಯಮೇರಿಯ ಗುಂಪಿನ ಹತ್ತಿರ ಬಂದು, ಆ ಮಂತ್ರಿಗೆ ಜನರ ಹತ್ತಿರ ಮಾತಾಡುವುದಕ್ಕೇ ಬರುವುದಿಲ್ಲ, ನಮ್ಮ ಕಡೆ ಹಾಗಲ್ಲ, ಮೊದಲು ಮನೆಮಂದಿಯ ಯೋಗಕ್ಷೇಮ ವಿಚಾರಿಸುತ್ತಾರೆ ಅಂದರು.

"ಹೂಂ. ಅದಾದ್ಮೇಲೆ?" ಅಂದಳು ಆರೋಗ್ಯಮೇರಿ.

ಅವರು ನಕ್ಕುಬಿಟ್ಟರು. ಕಾರು ಹತ್ತುವಾಗಲೂ ನಗುತ್ತಿದ್ದರು, ಆದರೆ ಸ್ವಲ್ಪ ಯೋಚನೆಯ ನಗು. ಅವರ ಭಾಮೈದನ ಕ್ವಾರಿ ಸೋಮವಾರವೂ ತೆರೆದಿತ್ತು, ಇವತ್ತೂ ತೆರೆದಿದೆ. ಒಂದು ಪಿಕ್ಚರಿನಿಂದ ಕ್ವಾರಿ ನಿಲ್ಲುವಂತಿದ್ದರೆ ಲೋಕ ಎಂದೋ ಸರಿಹೋಗುತ್ತಿತ್ತು. ಆದರೆ ಸ್ಟೇಷನ್ನಿಗೆ ಮತ್ತೆ ಯಾವ ದೂರೂ ಹೋಗಲಿಲ್ಲ. ಸಬ್‌ಇನ್‌ಸ್ಪೆಕ್ಟರ್ ಹೊರಡುವಾಗ ಪ್ರಭಕ್ಕನಿಗೆ, ಗಲಾಟೆ ಏನೂ ಆಗಲಿಲ್ಲ ಅಂತ ಹೇಳ್ತೀನಿ ಅಂದರಂತೆ. ಮುಂದಿನ ಪಿಕ್ಚರಿಗೆ ತಾಯಿಯನ್ನು ಕರೆತರಬಹುದಾ ಅಂತಲೂ ಕೇಳಿದರಂತೆ. ಪ್ರಭಕ್ಕ ಮೈಸೂರಿಗೆ ಫೋನ್ ಮಾಡಿ ಇನ್ನೊಂದು ಚಿತ್ರ ಕೇಳಿದ್ದಾರೆ. ಈ ಸಲ ಕೊನೆ ಇರುವಂಥದ್ದು ಕೊಡಿ ಅಂತ ಷರತ್ತು.

ನಾನು ಅಂದಿನಿಂದ ಯೋಚಿಸುತ್ತಿದ್ದೇನೆ. ಜನಕ್ಕೆ ಇಂಥದ್ದೆಲ್ಲ ಅರ್ಥವಾಗುವುದಿಲ್ಲ ಅಂತ ನಾವು ಓದಿದವರು ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ! ನಮಗಿರುವ ಹೆದರಿಕೆ ಅವರಿಗೆ ಅರ್ಥವಾಗುವುದಿಲ್ಲ ಅಂತಲೋ, ಅರ್ಥವಾಗಿಬಿಡುತ್ತದೆ ಅಂತಲೋ? ಭಾಷೆ ಬಾರದ ಟಾಕೀಸಿಗೆ ಅಜ್ಜಿಯ ಸಿಟ್ಟು ಮೊದಲ ದೃಶ್ಯದಲ್ಲೇ ತಿಳಿದಿತ್ತು. ಭಾಷೆ ಬರುತ್ತಿದ್ದವಳು ನಾನೊಬ್ಬಳು. ನಡುವೆ ಅಡ್ಡ ನಿಂತವಳೂ ನಾನೊಬ್ಬಳೇ.

ನಿನ್ನೆ ಸಂಜೆ ಆರೋಗ್ಯಮೇರಿ ಫೋನ್ ಮಾಡಿದಳು. ಪಿಕ್ಚರ್ ಬಗ್ಗೆ ಇರಬೇಕು ಅಂದುಕೊಂಡೆ. ಅಲ್ಲ. ಬರುವ ವಾರ ಹನೂರಿನಲ್ಲಿ ತಾಲ್ಲೂಕು ಆಫೀಸಿನ ಸಾಹೇಬರು ಸಂಘದವರಿಗೆಲ್ಲ ಒಂದು ಹೊಸ ಯೋಜನೆಯ ವಿಷಯ ಹೇಳುವ ಮೀಟಿಂಗ್ ಇದೆಯಂತೆ. ಅವರು ಮಾತಾಡುವುದೇನೋ ಕನ್ನಡವೇ, ಆದರೆ ಹೋದ ಸಲ ಒಬ್ಬರಿಗೂ ಒಂದಕ್ಷರ ತಿಳಿಯಲಿಲ್ಲವಂತೆ. ನೀವು ಬಂದು ಪಕ್ಕದಲ್ಲಿ ಮೈಕ್ ಹಿಡಿದು ನಿಂತು, ಅಜ್ಜಿ ಮಾತು ಹೇಳಿದ ಹಾಗೇ, ಅವರು ಅಂದಿದ್ದನ್ನೂ ನಮಗೆ ಬಿಡಿಸಿ ಹೇಳ್ತೀರಾ ಮೇಡಂ ಅಂತ ಕೇಳಿದಳು.

ಸ್ಪ್ಯಾನಿಷ್ ಆಗಿದ್ದರೆ ಹೂಂ ಅಂದುಬಿಡುತ್ತಿದ್ದೆ. ಸರ್ಕಾರಿ ಕನ್ನಡಕ್ಕೆ ಸಬ್‌ಟೈಟಲ್ ಎಲ್ಲಿಂದ ತರಲಿ, ನೀವೇ ಹೇಳಿ?